ಗಾಜಿನ ಮೇಲೆ ಇಲ್ಲದ ಗುಂಡಿ

ಮನೆಯಲ್ಲಿ ಕೆಟ್ಟು ಬಿದ್ದಿದ್ದ ಹಳೆಯ ಕೀಪ್ಯಾಡ್ ಫೋನನ್ನು ಮೊನ್ನೆ ಬಿಚ್ಚಿದೆ. ಒಳಗೆ ಕಡಲೆಬೀಜದಷ್ಟು ದೊಡ್ಡ ಮೋಟಾರು, ಅದರ ತುದಿಗೆ ಅರ್ಧಚಂದ್ರದಂಥ ಲೋಹದ ತುಂಡು. ಎರಡು ವೈರನ್ನು ಬ್ಯಾಟರಿಗೆ ತಾಗಿಸಿದ್ದೇ ತಡ, ಗುರ್ ಅಂತ ಮೇಜಿನ ಮೇಲೆಲ್ಲ ಓಡಾಡಿತು!

ವಾಷಿಂಗ್ ಮಷೀನಿನಲ್ಲಿ ಬಟ್ಟೆಯೆಲ್ಲ ಒಂದೇ ಕಡೆ ಸೇರಿದರೆ ಇಡೀ ಮಷೀನು ಕುಣಿಯುತ್ತದೆ ಅಲ್ವಾ? ಇಲ್ಲೂ ಅಷ್ಟೇ. ತೂಕ ಒಂದೇ ಪಕ್ಕಕ್ಕಿದೆ, ತಿರುಗುವಾಗ ಫೋನನ್ನೂ ಎಳೆದಾಡುತ್ತದೆ.

ಕರೆ ಬಂದಿದೆ ಅಂತ ತಿಳಿಸಲು ಇಷ್ಟು ಸಾಕು. ಆದರೆ ಟಚ್‌ಸ್ಕ್ರೀನ್ ಬಂದ ಮೇಲೆ ಬೇರೆ ತಾಪತ್ರಯ ಶುರುವಾಯಿತು. ಹಳೆಯ ಫೋನಿನ 5ರ ಗುಂಡಿಯ ಮೇಲೆ ಒಂದು ಪುಟ್ಟ ಉಬ್ಬು ಇರುತ್ತಿತ್ತು. ಅದನ್ನು ತಡವಿಕೊಂಡೇ ನಾವೆಲ್ಲ ನೋಡದೆ ಮೆಸೇಜು ಬರೆದವರು. ಗಾಜು ಎಲ್ಲಿ ಮುಟ್ಟಿದರೂ ಒಂದೇ ಥರ. ಒತ್ತಿದ್ದು ಗೊತ್ತಾಗಲಿ ಅಂತ ಆ ಮೋಟಾರನ್ನೇ ಅಲುಗಿಸಿದರೆ, ಅದು ವೇಗ ಹಿಡಿಯಲು ಹತ್ತಾರು ಮಿಲಿಸೆಕೆಂಡು, ನಿಲ್ಲಲು ಇನ್ನೊಂದಷ್ಟು. 'ಟಕ್' ಅನ್ನಬೇಕಾದಲ್ಲಿ 'ಜುಂಯ್' ಅನ್ನುತ್ತದೆ.

ಈ ವ್ಯತ್ಯಾಸ ಹಿಡಿಯುವುದರಲ್ಲಿ ನಮ್ಮ ಬೆರಳು ಬಲು ಚುರುಕು. ಚರ್ಮದ ಆಳದಲ್ಲಿ ಈರುಳ್ಳಿಯ ಹಾಗೆ ಪದರ ಪದರವಾಗಿರುವ ಪುಟಾಣಿ ಗೆಡ್ಡೆಗಳಿವೆ. ಇಟಲಿಯ ಅಂಗರಚನಾ ತಜ್ಞ ಫಿಲಿಪ್ಪೊ ಪಚೀನಿಯಿಂದಾಗಿ ಅವಕ್ಕೆ ಪಾಸಿನಿಯನ್ ಕಾರ್ಪಸಲ್ ಅನ್ನುವ ಹೆಸರು. ಒತ್ತಡ ಬಂದಾಗ ಮತ್ತು ಹೋದಾಗ ಇವು ಸುದ್ದಿ ಕಳಿಸುತ್ತವೆ, ನಡುವೆ ಸುಮ್ನಿರುತ್ತವೆ. ಸೆಕೆಂಡಿಗೆ ಸುಮಾರು 250 ಬಾರಿಯ ಕಂಪನವೆಂದರೆ ಇವಕ್ಕೆ ಜಾಸ್ತಿ ಪ್ರೀತಿ. ಆ ಮಟ್ಟದಲ್ಲಿ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ಚಿಕ್ಕ ಅಲುಗಾಟವೂ ಗೊತ್ತಾಗುತ್ತದೆ.

ಈಗಿನ ಒಳ್ಳೆಯ ಫೋನುಗಳಲ್ಲಿ ತಿರುಗುವ ಮೋಟಾರಿಲ್ಲ. ಸ್ಪ್ರಿಂಗಿಗೆ ಕಟ್ಟಿದ ತೂಕವೊಂದು ಅಯಸ್ಕಾಂತದ ಬಲದಿಂದ ಹಿಂದಕ್ಕೂ ಮುಂದಕ್ಕೂ ಜೀಕುತ್ತದೆ. ಉಯ್ಯಾಲೆ ತೂಗುವವರಿಗೆ ಗೊತ್ತು: ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸ್ವಲ್ಪ ಬಲ ಸಾಕು. ಸಾಮಾನ್ಯವಾಗಿ ಈ ಲಯ ಸೆಕೆಂಡಿಗೆ 150ರಿಂದ 250ರ ಆಸುಪಾಸು. ನಿಲ್ಲಿಸಬೇಕಾದರೆ ಎದುರಿನಿಂದ ತಳ್ಳಿದರಾಯಿತು. ನನ್ನ ಪ್ರಕಾರ ಜಾಣತನವೆಲ್ಲ ಇರುವುದು ಈ ನಿಲ್ಲಿಸುವುದರಲ್ಲೇ. ಠಕ್ಕನೆ ನಿಂತರೇನೇ ಬೆರಳು ಮೋಸ ಹೋಗುವುದು.

ಮೋಸ ಅಂದೆ, ಸುಮ್ನೆ ಅಲ್ಲ. 2016ರ ಐಫೋನ್ 7ರ ಹೋಮ್ ಗುಂಡಿ ಒತ್ತಿದರೆ ಒಳಗೆ ಹೋದಂತೆಯೇ ಅನಿಸುತ್ತದೆ. ನಿಜಕ್ಕೂ ಅದು ಕದಲುವುದೇ ಇಲ್ಲ. ಫೋನನ್ನು ಪೂರ್ತಿ ಆಫ್ ಮಾಡಿ ಒತ್ತಿ ನೋಡಿ, ಕಲ್ಲು ಒತ್ತಿದ ಹಾಗಿರುತ್ತದೆ. ಇದಕ್ಕೂ ಮುಂಚೆ, 2008ರಲ್ಲಿ, ಬ್ಲ್ಯಾಕ್‌ಬೆರಿ ಸ್ಟಾರ್ಮ್ ಇಡೀ ಪರದೆಯನ್ನೇ ಒಂದು ದೊಡ್ಡ ಗುಂಡಿ ಮಾಡಿತ್ತು. ಪಾಪ, ಜನಕ್ಕೆ ಅಷ್ಟೇನೂ ಹಿಡಿಸಲಿಲ್ಲ.

ಕ್ಲಿಕ್ಕೇನೋ ಸಿಕ್ಕಿತು, ತಡವಿದರೆ ಸಿಗುವ ಆ ಉಬ್ಬು? ಅದಕ್ಕೊಂದು ಹಳೆಯ ಎಳೆ ಇದೆ. ಹಿತ್ತಾಳೆಯ ಬಲ್ಬ್ ಹೋಲ್ಡರೊಂದು ದೀಪ ಉರಿಯುವಾಗ ಬೆರಳಿಗೆ ಬೇರೆ ಥರ ತಾಗುವುದನ್ನು ಅಮೆರಿಕದ ಎಡ್ವರ್ಡ್ ಮ್ಯಾಲಿಂಕ್ರಾಟ್ ಎಂಬವರು ಗಮನಿಸಿದ್ದರು. ಅದರ ಬಗ್ಗೆ 1953ರಲ್ಲಿ ಜೊತೆಗಾರರೊಂದಿಗೆ ಬರೆದರು. ವಿದ್ಯುತ್ ಹರಿಯಬಿಡದ ತೆಳು ಪದರದ ಕೆಳಗೆ ಏರಿಳಿಯುವ ವಿದ್ಯುತ್ ಒತ್ತಡವಿದ್ದರೆ ಅದು ಬೆರಳನ್ನು ಎಳೆದು ಎಳೆದು ಬಿಡುತ್ತದೆ. ಉಜ್ಜಾಟ ಹೆಚ್ಚುತ್ತದೆ, ನುಣುಪಾದದ್ದು ತರಿತರಿ ಅನಿಸುತ್ತದೆ. 2010ರಲ್ಲಿ ಡಿಸ್ನಿ ರಿಸರ್ಚ್‌ನವರು ಟೆಸ್ಲಾಟಚ್ ಹೆಸರಲ್ಲಿ ಇದನ್ನು ಟಚ್‌ಸ್ಕ್ರೀನಿಗೆ ತಂದು ತೋರಿಸಿದರು. ಆದರೆ ಬೆರಳು ಜಾರುತ್ತಿರುವಾಗ ಮಾತ್ರ ಈ ತರಿ ಸಿಗುತ್ತದೆ. 5ರ ಮೇಲೆ ಬೆರಳಿಟ್ಟು ನಿಂತಿರೋ, ಮತ್ತೆ ಬರೀ ಗಾಜು.