ಪದ ಪರಿಚಯ: ಕಮ್ಯುನಿಟಿ ಕಾಲೇಜಿನ ‘ಕ್ರಿಮಿನಲ್ ಜಸ್ಟಿಸ್’

ಅಮೆರಿಕದಲ್ಲಿರುವ ಮಗನೋ ಸೊಸೆಯೋ ‘ಕ್ರಿಮಿನಲ್ ಜಸ್ಟಿಸ್ ಓದುತ್ತಿದ್ದೇನೆ’ ಎಂದರೆ ಊರಿನವರು ಅದನ್ನು ‘ಲಾ ಓದುತ್ತಿದ್ದಾರೆ’ ಎಂದು ತಿಳಿಯುತ್ತಾರೆ, ಇಲ್ಲವೇ ಪೊಲೀಸ್ ಟ್ರೈನಿಂಗ್ ಅಂದುಕೊಳ್ಳುತ್ತಾರೆ. ಎರಡೂ ಸರಿಯಲ್ಲ. ಒಬ್ಬರ ಮೇಲೆ ಅಪರಾಧದ ಶಂಕೆ ಬಿದ್ದ ಗಳಿಗೆಯಿಂದ ಶಿಕ್ಷೆ ಮುಗಿಸಿ ಸರ್ಕಾರದ ನಿಗಾದಿಂದ ಹೊರಬರುವವರೆಗೆ ಪೊಲೀಸ್, ಪ್ರಾಸಿಕ್ಯೂಷನ್, ನ್ಯಾಯಾಲಯ, ಸೆರೆಮನೆಗಳು ಆ ವ್ಯಕ್ತಿಯನ್ನು ಹೇಗೆ ಕೈಯಿಂದ ಕೈಗೆ ದಾಟಿಸುತ್ತವೆ ಎಂಬುದರ ಓದು ಇದು. ಅಪರಾಧ ಏಕೆ ನಡೆಯುತ್ತದೆ ಎಂದು ಹುಡುಕುವುದು ಅಪರಾಧಶಾಸ್ತ್ರ, ಅಂದರೆ ಕ್ರಿಮಿನಾಲಜಿ. ರಕ್ತದ ಕಲೆ, ಬೆರಳಚ್ಚು, ಡಿಎನ್‌ಎ ಪರೀಕ್ಷಿಸುವುದು ಫೊರೆನ್ಸಿಕ್ ಸೈನ್ಸ್. ವಕೀಲರಾಗಲು ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಮುಗಿಸಿ, ಆಮೇಲೆ ಮೂರು ವರ್ಷ ಲಾ ಸ್ಕೂಲಿಗೆ ಹೋಗಬೇಕು.

ಪೊಲೀಸ್, ಕೋರ್ಟು, ಜೈಲುಗಳನ್ನು ಒಂದೇ ‘ವ್ಯವಸ್ಥೆ’ಯಾಗಿ ನೋಡುವ ಕ್ರಮ ಬಹಳ ಹಳೆಯದಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್ ಕಾಲೇಜಿನಲ್ಲಿ 1930ರಲ್ಲೇ ಪೊಲೀಸ್ ಶಿಕ್ಷಣ ಶುರುವಾಗಿತ್ತು; ಆದರೆ ಅದು ಪೊಲೀಸರಿಗಷ್ಟೇ. 1967ರಲ್ಲಿ ಅಧ್ಯಕ್ಷ ಜಾನ್ಸನ್ ನೇಮಿಸಿದ್ದ ಆಯೋಗದ ವರದಿ ಇಡೀ ಸರಪಳಿಯನ್ನು ಒಂದೇ ನಕ್ಷೆಯಲ್ಲಿ ಬಿಡಿಸಿ ತೋರಿಸಿತು. ಮರುವರ್ಷದ ಫೆಡರಲ್ (ಕೇಂದ್ರ ಸರ್ಕಾರದ) ಕಾನೂನು ಪೊಲೀಸರ ಓದಿಗೆ ಹಣ ಕೊಡತೊಡಗಿದ ಮೇಲೆ ಈ ವಿಭಾಗಗಳು ದೇಶದ ತುಂಬ ತೆರೆದವು, ಅದರಲ್ಲೂ ಎರಡು ವರ್ಷದ ಕಾಲೇಜುಗಳಲ್ಲಿ.

‘ಕಮ್ಯುನಿಟಿ’ ಎಂಬ ಮಾತೂ ನಮ್ಮವರ ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ಕಮ್ಯುನಿಟಿ ಎಂದರೆ ಜಾತಿಯೋ ಜನಾಂಗವೋ ಆಗಿಬಿಡುತ್ತದೆ. ಇಲ್ಲಿ ಅದರ ಅರ್ಥ ಸುತ್ತಮುತ್ತಲಿನ ಊರವರು. ಸಾರ್ವಜನಿಕ ಹಣದಿಂದ ನಡೆಯುವ, ಪ್ರವೇಶ ಪರೀಕ್ಷೆ ಇಲ್ಲದ, ಎರಡು ವರ್ಷದ ‘ಅಸೋಸಿಯೇಟ್’ ಪದವಿ ಕೊಡುವ ಕಾಲೇಜು ಇದು. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆಯಾಗುವುದರಿಂದ, ಕನ್ನಡಿಗರು ಹೆಚ್ಚಾಗಿರುವ ಕ್ಯಾಲಿಫೋರ್ನಿಯಾವನ್ನೇ ಹಿಡಿದು ವಿವರ ಹೇಳುವುದು ಒಳ್ಳೆಯದು. ಅಲ್ಲಿ ಈ ವಿಷಯಕ್ಕೆ ಬಹುತೇಕ ಕಾಲೇಜುಗಳು ಇಟ್ಟಿರುವ ಹೆಸರು ‘ಅಡ್ಮಿನಿಸ್ಟ್ರೇಷನ್ ಆಫ್ ಜಸ್ಟಿಸ್’, ಸಂಕ್ಷೇಪದಲ್ಲಿ ‘ಎಜೆ’. ಕೋರ್ಸ್ ಪಟ್ಟಿಯಲ್ಲಿ ‘ಕ್ರಿಮಿನಲ್ ಜಸ್ಟಿಸ್’ ಸಿಗದಿದ್ದರೆ ಈ ಹೆಸರಿನಲ್ಲಿ ಹುಡುಕಿ.

ಪದವಿಗೆ 60 ಸೆಮಿಸ್ಟರ್ ಯೂನಿಟ್ ಬೇಕು; ಯೂನಿಟ್ ಎಂದರೆ ಪಾಠದ ಪ್ರಮಾಣ ಅಳೆಯುವ ಲೆಕ್ಕ, ಅಂದರೆ ಕ್ರೆಡಿಟ್. ಕ್ಯುಪರ್ಟಿನೊದ ಡಿ ಆನ್ಜಾದಂತೆ ಕ್ವಾರ್ಟರ್ ಲೆಕ್ಕದಲ್ಲಿ ನಡೆಯುವ ಕಾಲೇಜಿನಲ್ಲಿ ಅದೇ 90 ಯೂನಿಟ್ ಆಗುತ್ತದೆ. ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರ್. ಒಟ್ಟು ಪದವಿಗೆ 2,760 ಡಾಲರ್, ಪುಸ್ತಕ ಮತ್ತು ಸಣ್ಣಪುಟ್ಟ ಶುಲ್ಕ ಬೇರೆ. ನಿವಾಸಿಗಳಲ್ಲದವರಿಗೆ, ಅಂದರೆ ಎಫ್-1 ವೀಸಾದ ವಿದ್ಯಾರ್ಥಿಗಳಿಗೂ, ಇದರ ಹಲವು ಪಟ್ಟು.

60ರಲ್ಲಿ ಮುಖ್ಯ ವಿಷಯದ ಪಾಲು ಕೇವಲ 18 ಯೂನಿಟ್. ಉಳಿದದ್ದು ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜವಿಜ್ಞಾನದಂಥ ಸಾಮಾನ್ಯ ಶಿಕ್ಷಣ ಮತ್ತು ಐಚ್ಛಿಕಗಳು. ಹದಿನೆಂಟರಲ್ಲಿ ಎಲ್ಲರಿಗೂ ಕಡ್ಡಾಯ ಎರಡು ಪಾಠಗಳು: ವ್ಯವಸ್ಥೆಯ ಪರಿಚಯ (ಎಜೆ 110) ಮತ್ತು ಅಪರಾಧ ಕಾನೂನಿನ ಪರಿಕಲ್ಪನೆಗಳು (ಎಜೆ 120). ಮಿಕ್ಕ ನಾಲ್ಕು ಪಾಠಗಳನ್ನು ಎರಡು ಪಟ್ಟಿಗಳಿಂದ ಆರಿಸಬೇಕು. ಸಾಕ್ಷ್ಯದ ಕಾನೂನು, ತನಿಖೆ, ಬಾಲಾಪರಾಧ ವಿಧಾನ, ಸೆರೆಮನೆ ವ್ಯವಸ್ಥೆ ಇತ್ಯಾದಿ. ಈ ಸಂಖ್ಯೆಗಳು ರಾಜ್ಯಮಟ್ಟದ ಗುರುತು. ಕಾಲೇಜಿನ ಸ್ವಂತ ಸಂಖ್ಯೆ ಬೇರೆ ಇದ್ದರೂ ಕೋರ್ಸ್ ವಿವರಣೆಯಲ್ಲಿ ಈ ಗುರುತು ಇದ್ದರೆ, ನಡುವೆ ಕಾಲೇಜು ಬದಲಿಸಿದಾಗ ಅದೇ ಪಾಠವನ್ನು ಮತ್ತೆ ಓದುವ ಕಷ್ಟ ತಪ್ಪುತ್ತದೆ.

ಕನ್ನಡ ಪತ್ರಿಕೆ ಓದಿ ಬೆಳೆದವರಿಗೆ ಈ ತರಗತಿಗಳಲ್ಲಿ ಹೆಚ್ಚು ತೊಡಕಾಗುವುದು ಗೊತ್ತಿಲ್ಲದ ಪದಗಳಿಂದಲ್ಲ, ಗೊತ್ತಿದೆ ಅನ್ನಿಸುವ ಪದಗಳಿಂದ. ‘ಪೆರೋಲ್’ ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಪೆರೋಲ್ ಎಂದರೆ ಕೈದಿಗೆ ಸಿಗುವ ರಜೆ: ತಾಯಿಗೆ ಕಾಯಿಲೆ, ಮನೆಯಲ್ಲಿ ಮದುವೆ, ಕೆಲವು ದಿನ ಹೋಗಿ ಮತ್ತೆ ಜೈಲಿಗೆ ಬರಬೇಕು. ಅಮೆರಿಕದಲ್ಲಿ ಅದು ಬಿಡುಗಡೆಯ ನಂತರದ ಹಂತ. ಕೈದಿ ಹೊರಬಂದು, ಪೆರೋಲ್ ಅಧಿಕಾರಿಯ ನಿಗಾದಲ್ಲಿ, ಷರತ್ತುಗಳಿಗೆ ಒಳಪಟ್ಟು ಊರಲ್ಲೇ ಬಾಳುತ್ತಾನೆ. ಷರತ್ತು ಮುರಿದರೆ ಮಾತ್ರ ಒಳಗೆ ಹೋಗುವ ಪ್ರಶ್ನೆ. ‘ಪ್ರೊಬೇಷನ್’ ಎಂದರೆ ನಮಗೆ ಮೊದಲು ನೆನಪಾಗುವುದು ಹೊಸ ನೌಕರಿಯ ಪರೀಕ್ಷಾರ್ಥ ಅವಧಿ. ಇಲ್ಲಿ ಅದು ಪ್ರಿಸನ್‌ಗೆ ಕಳುಹಿಸುವ ಬದಲು ನ್ಯಾಯಾಧೀಶರೇ ವಿಧಿಸುವ ನಿಗಾ. ಪರೀಕ್ಷೆಯಲ್ಲಿ ಈ ಎರಡನ್ನು ಅದಲುಬದಲು ಮಾಡಿ ಅಂಕ ಕಳೆದುಕೊಳ್ಳುವುದು ಸಾಮಾನ್ಯ.

ಜೈಲ್ ಮತ್ತು ಪ್ರಿಸನ್ ಕೂಡ ಒಂದೇ ಅಲ್ಲ. ಜೈಲನ್ನು ನಡೆಸುವುದು ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ; ಅಲ್ಲಿರುವವರು ವಿಚಾರಣೆಗೆ ಕಾಯುತ್ತಿರುವವರು ಮತ್ತು ಸಣ್ಣ ಶಿಕ್ಷೆಯವರು. ಪ್ರಿಸನ್ ರಾಜ್ಯದ್ದು, ಗಂಭೀರ ಅಪರಾಧಗಳಿಗೆ. 2011ರ ಕಾನೂನು ಬದಲಾವಣೆಯ ನಂತರ ಕ್ಯಾಲಿಫೋರ್ನಿಯಾದಲ್ಲಿ ಹಿಂಸೆಯಿಲ್ಲದ ಹಲವು ಫೆಲೊನಿಗಳ (ದೊಡ್ಡ ದರ್ಜೆಯ ಅಪರಾಧಗಳ) ಶಿಕ್ಷೆಯನ್ನೂ ಕೌಂಟಿ ಜೈಲಿನಲ್ಲೇ ಅನುಭವಿಸುತ್ತಾರೆ, ಹಾಗಾಗಿ ಹಳೆಯ ಪಠ್ಯಪುಸ್ತಕ ಕೊಂಡರೆ ಈ ಭಾಗ ತಪ್ಪಾಗಿರಬಹುದು. ಮೊಕದ್ದಮೆ ಹೂಡಬೇಕೋ ಬೇಡವೋ ಎಂದು ತೀರ್ಮಾನಿಸುವ ಡಿಸ್ಟ್ರಿಕ್ಟ್ ಅಟಾರ್ನಿಯನ್ನು ಅಲ್ಲಿನ ಮತದಾರರು ಆರಿಸುತ್ತಾರೆ. ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್ ಕೂಡ ಚುನಾಯಿತ. ಸರ್ಕಾರವೇ ನೇಮಿಸುವ ನಮ್ಮ ಪಬ್ಲಿಕ್ ಪ್ರಾಸಿಕ್ಯೂಟರ್ ಸ್ಥಾನಕ್ಕೂ ಇದಕ್ಕೂ ಬಹಳ ಅಂತರ.

ಇನ್ನೂ ಆಳದ ಅಂತರ ಇರುವುದು ಸಾಕ್ಷ್ಯದ ಪಾಠದಲ್ಲಿ, ನಮ್ಮ ದೃಷ್ಟಿಯಲ್ಲಿ ಇಡೀ ಓದಿನ ಅತ್ಯಂತ ಬೆಲೆಯುಳ್ಳ ಭಾಗ ಅದು. ಭಾರತದಲ್ಲಿ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಮಾನ್ಯವಾಗಿ ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಅಮೆರಿಕದಲ್ಲಿ ಬಳಸಬಹುದು, ಆದರೆ ವಶದಲ್ಲಿಟ್ಟು ಪ್ರಶ್ನಿಸುವ ಮೊದಲು, 1966ರ ಮಿರಾಂಡಾ ತೀರ್ಪಿನಂತೆ, ಸುಮ್ಮನಿರುವ ಮತ್ತು ವಕೀಲರನ್ನು ಪಡೆಯುವ ಹಕ್ಕನ್ನು ತಿಳಿಸಿರಬೇಕು. ಶೋಧನೆಯಲ್ಲಿ ಇದು ತಿರುಗುಮುರುಗು. ಅಕ್ರಮ ಶೋಧನೆಯಲ್ಲಿ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಸಾಕ್ಷ್ಯ ತಾನಾಗಿ ಬಿದ್ದುಹೋಗುವುದಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ 1973ರ ಪೂರಣ್ ಮಲ್ ಪ್ರಕರಣದಲ್ಲಿ ಹೇಳಿತು. ಅಮೆರಿಕದಲ್ಲಿ 1961ರ ಮ್ಯಾಪ್ ತೀರ್ಪಿನಿಂದಾಗಿ ಅಂಥ ಸಾಕ್ಷ್ಯವನ್ನು ರಾಜ್ಯ ನ್ಯಾಯಾಲಯಗಳೂ ಹೊರಗಿಡಬೇಕು. ವಿನಾಯಿತಿಗಳಿವೆ, ಅವನ್ನು ಒಂದೊಂದಾಗಿ ಕಲಿಯುವುದರಲ್ಲೇ ಹಲವು ವಾರ ಹೋಗುತ್ತವೆ.

ಓದಿನಲ್ಲಿ ಎಡವುವವರಿಗಿಂತ ಕಾಗದಪತ್ರದಲ್ಲಿ ಎಡವುವವರ ನಷ್ಟ ದೊಡ್ಡದು. ಒಂದೇ ಕಾಲೇಜು ‘ಎಎಸ್’ (ಅಸೋಸಿಯೇಟ್ ಇನ್ ಸೈನ್ಸ್) ಮತ್ತು ‘ಎಎಸ್-ಟಿ’ ಎಂಬ ಎರಡು ಪದವಿ ಕೊಡುವುದುಂಟು. ಆ ‘ಟಿ’ ಎಂದರೆ ಟ್ರಾನ್ಸ್‌ಫರ್. 2010ರ ಕಾನೂನಿನ ಪ್ರಕಾರ ಎಎಸ್-ಟಿ ಪಡೆದವರಿಗೆ ಕ್ಯಾಲ್ ಸ್ಟೇಟ್ (ಕ್ಯಾಲಿಫೋರ್ನಿಯಾ ಸ್ಟೇಟ್) ವಿಶ್ವವಿದ್ಯಾಲಯಗಳಲ್ಲಿ ಎಲ್ಲೋ ಒಂದು ಕಡೆ ಸೀಟು ಖಚಿತ; ಅಲ್ಲಿ ಅದೇ ವಿಷಯದಲ್ಲಿ ಇನ್ನು 60 ಯೂನಿಟ್ಟಿಗೆ ಬ್ಯಾಚುಲರ್ ಪದವಿ ಮುಗಿಯಬೇಕು. ಇದಕ್ಕೆ ಒಟ್ಟು ಜಿಪಿಎ (ಗ್ರೇಡುಗಳ ಸರಾಸರಿ) 2.0, ಮುಖ್ಯ ವಿಷಯಗಳಲ್ಲಿ ಕನಿಷ್ಠ ‘ಸಿ’ ಬೇಕು. ಬರಿಯ ಎಎಸ್‌ಗೆ ಈ ಭರವಸೆ ಇಲ್ಲ. ಭರವಸೆ ಇರುವುದೂ ಇಡೀ ಕ್ಯಾಲ್ ಸ್ಟೇಟ್ ವ್ಯವಸ್ಥೆಗೆ, ನಿಮಗೆ ಇಷ್ಟವಾದ ಕ್ಯಾಂಪಸ್ಸಿಗಲ್ಲ. ಬೇಡಿಕೆ ಹೆಚ್ಚಿರುವಲ್ಲಿ 2.0 ಸಾಲದು. ಅರ್ವೈನ್‌ನಂಥ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್ಸುಗಳಿಗೆ ಇದು ಅನ್ವಯಿಸುವುದೂ ಇಲ್ಲ. ಆದ್ದರಿಂದ ಮೊದಲ ಸೆಮಿಸ್ಟರಿನಲ್ಲೇ ಕೌನ್ಸೆಲರ್ ಹತ್ತಿರ ಕೂತು, ಯಾವ ಪದವಿ, ಯಾವ ಕ್ಯಾಂಪಸ್ ಎಂದು ಬರೆದ ‘ಎಜುಕೇಷನ್ ಪ್ಲಾನ್’ ಮಾಡಿಸಿಕೊಳ್ಳಬೇಕು. ಗಣಿತಕ್ಕೆ ಸ್ಟ್ಯಾಟಿಸ್ಟಿಕ್ಸ್ ಆರಿಸಿದರೆ ಮುಂದಿನ ಪದವಿಯ ಸಂಶೋಧನಾ ವಿಧಾನದ ಪಾಠಕ್ಕೂ ಅದೇ ನೆರವಾಗುತ್ತದೆ. ಡಿಎನ್‌ಎ ಲ್ಯಾಬಿನ ಕನಸಿರುವವರು ಈ ದಾರಿ ಬಿಟ್ಟು ರಸಾಯನಶಾಸ್ತ್ರ ಅಥವಾ ಜೀವಶಾಸ್ತ್ರಕ್ಕೆ ಸೇರಲಿ. ಎಜೆಯ ಒಂದು ಫೊರೆನ್ಸಿಕ್ ಪಾಠದಿಂದ ಆ ಬಾಗಿಲು ತೆರೆಯುವುದಿಲ್ಲ.

ಪೊಲೀಸ್ ಆಗಲು ಈ ಪದವಿ ಮುಗಿಸಿದ ಮೇಲೂ ಅಕಾಡೆಮಿ ಬೇರೆ. ಪೊಲೀಸರ ಅರ್ಹತೆ, ತರಬೇತಿಗಳ ಮಟ್ಟವನ್ನು ನೋಡಿಕೊಳ್ಳುವ ರಾಜ್ಯದ ‘ಪೋಸ್ಟ್’ ಆಯೋಗ ನಿಗದಿಪಡಿಸಿದ ಮೂಲ ತರಬೇತಿ ಕನಿಷ್ಠ 664 ಗಂಟೆ. ಕೆಲವು ಕಮ್ಯುನಿಟಿ ಕಾಲೇಜುಗಳೇ ಅದನ್ನು ನಡೆಸುವುದರಿಂದ ಎರಡನ್ನೂ ಒಂದೆಂದು ತಿಳಿಯುವವರಿದ್ದಾರೆ. ಅಕಾಡೆಮಿಯ ಯೂನಿಟ್ಟುಗಳು ಎಎಸ್-ಟಿಗೆ ಲೆಕ್ಕಕ್ಕೆ ಬರುತ್ತವೆಯೇ ಎಂದು ಮೊದಲೇ ಕೇಳಿ ತಿಳಿಯಬೇಕು. ಕನಿಷ್ಠ ವಯಸ್ಸನ್ನು 2021ರ ಕಾನೂನು 18ರಿಂದ 21ಕ್ಕೆ ಏರಿಸಿತು. ನೇಮಕಕ್ಕೆ ಹಿನ್ನೆಲೆ ತನಿಖೆ, ವೈದ್ಯಕೀಯ ಮತ್ತು ಮಾನಸಿಕ ಪರೀಕ್ಷೆ ಕಡ್ಡಾಯ, ಇವುಗಳಲ್ಲಿ ಸೋತರೆ ಎಷ್ಟು ಒಳ್ಳೆಯ ಜಿಪಿಎ ಇದ್ದರೂ ಉಪಯೋಗವಿಲ್ಲ.

2023ರಿಂದ ಕ್ಯಾಲಿಫೋರ್ನಿಯಾ ಪೊಲೀಸರಿಗೆ ರಾಜ್ಯ ಕಾನೂನಿನಲ್ಲಿ ಪೌರತ್ವದ ಷರತ್ತಿಲ್ಲ. ಕೆಲಸ ಮಾಡಲು ಫೆಡರಲ್ ಅನುಮತಿ ಇದ್ದರೆ ಸಾಕು. ಗ್ರೀನ್ ಕಾರ್ಡ್ ಇರುವ ಕನ್ನಡಿಗರಿಗೆ ಇದರಿಂದ ದಾರಿ ಸುಲಭವಾಗಿದೆ. ಎಚ್-4 ವೀಸಾದಲ್ಲಿರುವ, ಅಂದರೆ ಎಚ್-1ಬಿ ನೌಕರರ ಅವಲಂಬಿತರಾಗಿ ಬಂದ ಮಕ್ಕಳು ಕೋರ್ಸಿಗೆ ಸೇರಬಹುದು, ಆದರೆ ಅವರಿಗೆ ಕೆಲಸದ ಅನುಮತಿಯಿಲ್ಲ, 21 ತುಂಬಿದೊಡನೆ ಆ ವೀಸಾವೂ ಮುಗಿಯುತ್ತದೆ. ಎಫ್‌ಬಿಐನಂಥ ಫೆಡರಲ್ ಸಂಸ್ಥೆಗಳು ಪೌರತ್ವವನ್ನೇ ಕೇಳುತ್ತವೆ. ಇನ್ನೂ ವೀಸಾದಲ್ಲೇ ಇರುವ ಮನೆಗಳಲ್ಲಿ ಕೋರ್ಸಿನ ಅರ್ಜಿ ತುಂಬುವ ಮೊದಲು ವಲಸೆ ವಕೀಲರೊಡನೆ ಒಮ್ಮೆ ಮಾತಾಡಿಕೊಳ್ಳುವುದು ಒಳ್ಳೆಯದು.