ಆ್ಯಟ್, ಆನ್, ಇನ್: ನಮ್ಮ ಒಂದು ‘ಅಲ್ಲಿ’ಗೆ ಇಂಗ್ಲಿಷಿನ ಮೂರು ಪದ

ಕೊಪ್ಪಳದಲ್ಲಿ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಮೊನ್ನೆ ಒಬ್ಬ ಹುಡುಗಿ ಬರುವುದು ತಡವಾಗುತ್ತದೆ ಅಂತ ಫೋನ್ ಮಾಡಿದಳು. ‘ಸರ್, ಐ ಆ್ಯಮ್ ಇನ್ ಬಸ್ ಸ್ಟ್ಯಾಂಡ್’ ಅಂದಳು. ಬಂದ ಮೇಲೆ ಅವಳ ನೋಟ್‌ಬುಕ್ ನೋಡಿದೆ. ಇನ್ ಮಂಡೇ, ಇನ್ ಟೆನ್ ಓ ಕ್ಲಾಕ್, ಇನ್ ಟೆರೇಸ್. ಪುಟದ ತುಂಬ ‘ಇನ್’.

ಇದು ದಡ್ಡತನ ಅಲ್ಲ. ಅವಳು ಕನ್ನಡದ ದಾರಿ ಹಿಡಿದು ಹೋಗಿದ್ದಾಳೆ. ನಮ್ಮ ಕಡೆ ಊರಾಗ, ಮನ್ಯಾಗ, ಬಸ್‌ಸ್ಟ್ಯಾಂಡಿನ್ಯಾಗ ಅಂತೀವಿ. ಆ ಮಾತಿನೊಳಗೆ ‘ಒಳಗ’ ಅನ್ನುವುದೇ ಕೂತಿದೆ. ಹಾಗಾಗಿ ನಾಲಿಗೆ ಮೊದಲು ‘ಇನ್’ ಕಡೆಗೇ ಹೊರಳುತ್ತದೆ.

ಶಾಲೆಯಲ್ಲಿ ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಅಂತ ಬಾಯಿಪಾಠ ಮಾಡಿದ್ದೇವೆ, ಅಲ್ವಾ? ನಮ್ಮ ಪ್ರತ್ಯಯ ಪದದ ಕೊನೆಗೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಅದೇ ಕೆಲಸ ಮಾಡುವ ಪದ ಹೆಸರಿನ ಮುಂದೆ ಬೇರೆಯಾಗಿ ನಿಲ್ಲುತ್ತದೆ. ‘ಪ್ರಿ’ ಅಂದರೆ ಮುಂಚೆ, ‘ಪೊಸಿಶನ್’ ಅಂದರೆ ಜಾಗ. ಮುಂಚೆ ಬಂದು ಕೂರುವ ಪದ, ಅದೇ ಪ್ರಿಪೊಸಿಶನ್.

ಜಾಗದ ವಿಷಯಕ್ಕೆ ಬಂದರೆ, ಒಂದು ಜಾಗವನ್ನು ನಾವು ಹೇಗೆ ನೋಡುತ್ತಿದ್ದೇವೆ ಅನ್ನುವುದೇ ಮುಖ್ಯ. ಚುಕ್ಕೆಯಾಗಿ ಕಂಡರೆ ‘ಆ್ಯಟ್’. ಮೇಲ್ಮೈಯೋ ಗೆರೆಯೋ ಆಗಿ ಕಂಡರೆ ‘ಆನ್’. ಸುತ್ತ ಗಡಿ ಇದ್ದು ನಾವು ಒಳಗಿದ್ದರೆ ‘ಇನ್’. ರಾಯಚೂರನ್ನೇ ನೋಡಿ. ಅಲ್ಲಿ ವಾಸ ಇರುವವರಿಗೆ ಊರು ಸುತ್ತಲೂ ಇದೆ: ‘ಐ ಲಿವ್ ಇನ್ ರಾಯಚೂರ್’. ಬೆಂಗಳೂರಿನಿಂದ ಮುಂಬೈಗೆ ಹೋಗುವ ರೈಲಿಗೆ ಅದೇ ಊರು ದಾರಿಯ ಮೇಲಿನ ಒಂದು ಚುಕ್ಕೆ: ‘ದ ಟ್ರೇನ್ ಸ್ಟಾಪ್ಸ್ ಆ್ಯಟ್ ರಾಯಚೂರ್’. ಊರು ಬದಲಾಗಿಲ್ಲ, ನೋಟ ಬದಲಾಗಿದೆ. ಇದು ಹಿಡಿತಕ್ಕೆ ಸಿಕ್ಕರೆ ಅರ್ಧ ಕಷ್ಟ ಕಳೆದಂತೆ.

ನದಿಯ ದಂಡೆಯ ಊರಿಗೆ ‘ಆನ್’ ಹೇಳುತ್ತಾರೆ. ‘ಕಂಪ್ಲಿ ಈಸ್ ಆನ್ ದ ತುಂಗಭದ್ರಾ’ ಅಂದರೆ ಊರು ನೀರಿನ ಮೇಲೆ ತೇಲುತ್ತಿದೆ ಅಂತಲ್ಲ. ನದಿ ಒಂದು ಗೆರೆ, ಊರು ಅದಕ್ಕೆ ತಾಗಿಕೊಂಡಿದೆ. ‘ಇನ್ ದ ತುಂಗಭದ್ರಾ’ ಅಂದರೆ ಮಾತ್ರ ನೀರಿಗೆ ಇಳಿದ ಹಾಗೆ. ಬಳ್ಳಾರಿ ಗುಡ್ಡದ ಕೋಟೆ ‘ಆನ್ ದ ಹಿಲ್’, ಕೆಳಗಿನ ಕೋಟೆ ‘ಆ್ಯಟ್ ದ ಫುಟ್ ಆಫ್ ದ ಹಿಲ್’. ಇನ್ನು ಕೃಷ್ಣಾ ಮತ್ತು ತುಂಗಭದ್ರಾ ನಡುವಿನ ರಾಯಚೂರು ಸೀಮೆಗೆ ‘ಬಿಟ್ವೀನ್’ ಬೇಕು. ಹಳಗನ್ನಡದವರು ಈ ಸೀಮೆಯನ್ನು ‘ಎಡೆದೊರೆ ನಾಡು’ ಅಂತಲೇ ಕರೆದರು. ಎಡೆ ಅಂದರೆ ನಡುವೆ, ತೊರೆ ಅಂದರೆ ನದಿ. ಇಲ್ಲಿ ‘ಎಡೆ’ ಪದದ ಮುಂದೆಯೇ ಬಂದಿದೆ ನೋಡಿ, ಇಂಗ್ಲಿಷಿನ ಹಾಗೇ. ಈ ಹೆಸರು ನನಗೆ ಬಹಳ ಇಷ್ಟ.

ಬಸ್ಸಿಗೆ ‘ಆನ್’, ಆಟೋಗೆ ‘ಇನ್’ ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಎದ್ದು ನಿಂತು ಓಡಾಡಬಹುದಾದ ಗಾಡಿಗೆ ‘ಆನ್’: ಬಸ್, ರೈಲು, ವಿಮಾನ. ಬಗ್ಗಿ ಒಳಗೆ ತೂರಿ ಕೂರುವುದಕ್ಕೆ ‘ಇನ್’: ಕಾರು, ಆಟೋ. ಬೈಕು ಸೈಕಲ್ಲಿಗೆ ಮತ್ತೆ ‘ಆನ್’, ಮೇಲೆ ಕೂರುತ್ತೇವಲ್ಲ.

ಹೊತ್ತಿಗೂ ಇವೇ ಮೂರು. ತಿಂಗಳು, ವರ್ಷದಂಥ ದೊಡ್ಡ ಅವಧಿಗೆ ‘ಇನ್’: ಗವಿಮಠದ ಜಾತ್ರೆ ‘ಇನ್ ಜನವರಿ’. ವಾರದ ದಿನ, ತಾರೀಖಿಗೆ ‘ಆನ್’. ಗಡಿಯಾರದ ಮುಳ್ಳಿಗೆ ‘ಆ್ಯಟ್’. ಬೆಳಗ್ಗೆ, ಸಂಜೆಗೆ ‘ಇನ್ ದ ಮಾರ್ನಿಂಗ್’, ‘ಇನ್ ದ ಈವ್ನಿಂಗ್’, ಆದರೆ ರಾತ್ರಿಗೆ ‘ಆ್ಯಟ್ ನೈಟ್’. ಇದರಲ್ಲೂ ಒಂದು ಸೂಕ್ಷ್ಮ ಇದೆ. ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋದದ್ದು 2024ರ ಆಗಸ್ಟ್ 10ರ ರಾತ್ರಿ. ಸುಮ್ನೆ ರಾತ್ರಿ ಅಂದರೆ ‘ಆ್ಯಟ್ ನೈಟ್’. ಆ ತಾರೀಖಿನ ಆ ರಾತ್ರಿ ಅಂದರೆ ‘ಆನ್ ದ ನೈಟ್ ಆಫ್ ಆಗಸ್ಟ್ 10’. ಅದೇ ರೀತಿ ಸೋಮವಾರ ಬೆಳಗ್ಗೆ ಅನ್ನಲು ‘ಆನ್ ಮಂಡೇ ಮಾರ್ನಿಂಗ್’. ದಿನ ಗೊತ್ತಾದ ಕೂಡಲೇ ‘ಆನ್’ ಬರುತ್ತದೆ.

ಜಾಸ್ತಿ ತಪ್ಪಾಗುವುದು ‘ಇಂದ’ದಲ್ಲಿ. ಅದೇ ಹುಡುಗಿ ‘ಐ ಹ್ಯಾವ್ ಬೀನ್ ಇನ್ ಕೊಪ್ಪಳ ಸಿನ್ಸ್ ಟೂ ಇಯರ್ಸ್’ ಅಂತ ಬರೆದಿದ್ದಳು. ‘ಸಿನ್ಸ್’ಗೆ ಸುತ್ತು ಹಾಕಿದೆ. ‘ಸರ್, ಎರಡು ವರ್ಷದಿಂದ ಅಂತೀವಿ, 2023ರಿಂದ ಅಂತೀವಿ. ಎರಡಕ್ಕೂ ಇಂದ ಅಲ್ಲೇನ್ರಿ?’ ಅಂದಳು. ಎಷ್ಟು ಸರಿಯಾದ ಪ್ರಶ್ನೆ! ಕನ್ನಡಕ್ಕೆ ಒಂದೇ ‘ಇಂದ’ ಸಾಕು. ಇಂಗ್ಲಿಷ್ ಬೇರೆ ಮಾಡುತ್ತದೆ. ಶುರುವಾದ ಹೊತ್ತು ಹೇಳಿದರೆ ‘ಸಿನ್ಸ್ 2023’. ಎಷ್ಟು ಕಾಲ ಅಂತ ಅಳತೆ ಹೇಳಿದರೆ ‘ಫಾರ್ ಟೂ ಇಯರ್ಸ್’. ಅವಳು ‘ಸಿನ್ಸ್’ ಹೊಡೆದುಹಾಕಿ ‘ಫಾರ್’ ಬರೆದಳು. ಪಕ್ಕದಲ್ಲೇ ಪೆನ್ಸಿಲ್‌ನಿಂದ ಸಣ್ಣದಾಗಿ ‘ಅಳತೆ’ ಅಂತ ಗುರುತು ಹಾಕಿಕೊಂಡಳು.

ಕೆಲವು ಕಡೆ ಏನೂ ಬೇಡ. ‘ನೆಕ್ಸ್ಟ್ ಮಂಡೇ’, ‘ಲಾಸ್ಟ್ ಇಯರ್’ ಮುಂದೆ ‘ಆನ್’ ಕೂಡ ಇಲ್ಲ, ‘ಇನ್’ ಕೂಡ ಇಲ್ಲ. ‘ಮನೆಗೆ ಹೋದೆ’ ಅನ್ನುವಾಗಲೂ ‘ಗೆ’ ಇದೆ ಅಂತ ‘ಟು’ ಸೇರಿಸಬೇಡಿ. ‘ಐ ವೆಂಟ್ ಹೋಮ್’, ಅಷ್ಟೇ.