ನಡುಕ ಮೊದಲೋ, ಭಯ ಮೊದಲೋ: ಸಂವೇಗದ ಮೂರು ಸಿದ್ಧಾಂತಗಳು

ರಾತ್ರಿ ಗಲ್ಲಿಯ ತಿರುವಿನಲ್ಲಿ ನಾಯಿಯೊಂದು ಬೊಗಳುತ್ತ ಮೈಮೇಲೆ ಬರುತ್ತದೆ. ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ, ಭಯವಾಗುತ್ತದೆ. ಇವುಗಳಲ್ಲಿ ಯಾವುದು ಮೊದಲು? ಸಂವೇಗದ, ಎಂದರೆ ಭಯ, ಸಿಟ್ಟು, ದುಃಖದಂಥ ಭಾವದ, ಮೂರು ಸಿದ್ಧಾಂತಗಳೂ ಬೇರೆಯಾಗುವುದು ಇಲ್ಲೇ. ಪರೀಕ್ಷೆಗೆಂದು ಹೆಸರುಗಳನ್ನು ಉರು ಹೊಡೆಯುವ ಮುನ್ನ ಈ ನಾಯಿಯ ಉದಾಹರಣೆಯನ್ನೇ ಇಟ್ಟುಕೊಂಡು, ಒಂದೊಂದು ಸಿದ್ಧಾಂತಕ್ಕೂ ಬಾಣದ ಗುರುತು ಹಾಕಿ ಕ್ರಮ ಬರೆದುಕೊಳ್ಳಿ.

ಜೇಮ್ಸ್–ಲ್ಯಾಂಗ್: ನಾಯಿ → ಮೈಯ ಬದಲಾವಣೆ → ಭಯ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1884ರಲ್ಲಿ, ಡೆನ್ಮಾರ್ಕಿನ ವೈದ್ಯ ಕಾರ್ಲ್ ಲ್ಯಾಂಗ್ 1885ರಲ್ಲಿ ಬೇರೆಬೇರೆಯಾಗಿಯೇ ಇದನ್ನು ಮಂಡಿಸಿದರು. ದುಃಖವಾದದ್ದಕ್ಕೆ ಅಳುವುದಲ್ಲ, ಅತ್ತದ್ದಕ್ಕೆ ದುಃಖ. ಹಾಗಾದರೆ ಒಂದೊಂದು ಸಂವೇಗಕ್ಕೂ ಮೈಯಲ್ಲಿ ಅದರದೇ ಗುರುತು ಇರಬೇಕಾಗುತ್ತದೆ.

ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1927ರಲ್ಲಿ ಆಕ್ಷೇಪವೆತ್ತಲು ಹಿಡಿದದ್ದು ಈ ಎಳೆಯನ್ನೇ. ಭಯಕ್ಕೂ ಸಿಟ್ಟಿಗೂ ಒಳಾಂಗಗಳು ಬಹುಮಟ್ಟಿಗೆ ಒಂದೇ ರೀತಿ ಸ್ಪಂದಿಸುತ್ತವೆ. ಸಾಲದ್ದಕ್ಕೆ ಅವು ನಿಧಾನ, ಭಾವವೋ ತಟ್ಟನೆ ಬರುತ್ತದೆ. ಅಲಂಕಾರಶಾಸ್ತ್ರ ಓದಿದವರಿಗೆ ಮೊದಲ ಆಕ್ಷೇಪ ಹೊಸದೆನಿಸದು: ನಾಟ್ಯಶಾಸ್ತ್ರ ರೋಮಾಂಚಕ್ಕೆ ಭಯ, ಹರ್ಷ, ಕ್ರೋಧ, ಚಳಿ ಎಲ್ಲವನ್ನೂ ಕಾರಣವೆಂದು ಹೇಳುತ್ತದೆ. ಕ್ಯಾನನ್ ಮತ್ತು ಅವರ ಶಿಷ್ಯ ಫಿಲಿಪ್ ಬಾರ್ಡ್ ಹೆಸರಿನ ಕ್ಯಾನನ್–ಬಾರ್ಡ್ ಸಿದ್ಧಾಂತದ ಪ್ರಕಾರ ಮೆದುಳಿನ ಥಲಾಮಸ್ ಭಾಗದಿಂದ ಮೈಗೂ ಭಾವಕ್ಕೂ ಒಟ್ಟೊಟ್ಟಿಗೇ ಸಂದೇಶ ಹೋಗುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲಿ: "ಮೊದಲು ಭಯ, ಆಮೇಲೆ ನಡುಕ" ಎಂದು ಬರೆದುಬಿಡುತ್ತಾರೆ. ಬಾಣ ಒಂದರ ಹಿಂದೆ ಒಂದಲ್ಲ, ಕವಲೊಡೆದ ಎರಡು.

ಶಾಕ್ಟರ್–ಸಿಂಗರ್ (1962) ಸಿದ್ಧಾಂತಕ್ಕೆ ಹೆಚ್ಚು ಸಮಯ ಕೊಡಿ, ಅದರ ಪ್ರಯೋಗವೇ ಅಷ್ಟು ಸೊಗಸಾಗಿದೆ. ಮೈಯ ಉದ್ರೇಕ ಒಂದು, ಅದಕ್ಕೆ ಸುತ್ತಲಿನ ಸಂದರ್ಭ ನೋಡಿ ನಾವು ಕೊಡುವ ಹೆಸರು ಇನ್ನೊಂದು. ಎರಡೂ ಸೇರಿದರೆ ಸಂವೇಗ. 184 ಮಂದಿ ಗಂಡು ವಿದ್ಯಾರ್ಥಿಗಳಿಗೆ ವಿಟಮಿನ್ ಎಂದು ಹೇಳಿ ಚುಚ್ಚುಮದ್ದು ಕೊಟ್ಟರು. ಹಲವರಿಗೆ ಕೊಟ್ಟದ್ದು ಎದೆ ಬಡಿತ ಏರಿಸುವ ಅಡ್ರಿನಲಿನ್, ಉಳಿದವರಿಗೆ ಬರೀ ಉಪ್ಪುನೀರು. ಅಡ್ರಿನಲಿನ್ ಪಡೆದವರಲ್ಲಿ ಒಂದು ಗುಂಪಿಗೆ ಎದೆ ಬಡಿತ, ಕೈನಡುಕ ಬರುತ್ತದೆಂದು ನಿಜ ಹೇಳಿದರು. ಇನ್ನೊಂದಕ್ಕೆ ಏನೂ ಹೇಳಲಿಲ್ಲ. ಮತ್ತೊಂದಕ್ಕೆ ಕಾಲು ಜೋಮು ಹಿಡಿಯುತ್ತದೆ, ತುರಿಕೆ ಬರುತ್ತದೆ ಎಂದು ಸುಳ್ಳು ಹೇಳಿದರು. ಆಮೇಲೆ ಕೋಣೆಯಲ್ಲಿ ಜೊತೆಗಿದ್ದವನು ಸಂಶೋಧಕರ ಕಡೆಯವನೇ. ಕೆಲವರ ಮುಂದೆ ಅವನು ಕಾಗದದ ವಿಮಾನ ಹಾರಿಸಿ ಕುಣಿದ. ಕೆಲವರ ಮುಂದೆ ಕೆಣಕುವ ಪ್ರಶ್ನಾವಳಿ ಓದಿ ಸಿಡಿದೆದ್ದ. ನಿಜ ತಿಳಿದವರು ಅವನ ಭಾವಕ್ಕೆ ಅಷ್ಟಾಗಿ ಒಳಗಾಗಲಿಲ್ಲ, ಎದೆ ಬಡಿತಕ್ಕೆ ಕಾರಣ ಅವರ ಕೈಯಲ್ಲೇ ಇತ್ತು. ಕಾರಣ ತಿಳಿಯದವರೇ ಹೆಚ್ಚು ಒಳಗಾದರು.

ಪೂರ್ಣ ಅಂಕ ಬೇಕಿದ್ದರೆ ಇದರ ದೌರ್ಬಲ್ಯವನ್ನೂ ಬರೆಯಿರಿ. ಉಪ್ಪುನೀರಿನ ಗುಂಪಿಗೂ ಏನೂ ಹೇಳದೆ ಅಡ್ರಿನಲಿನ್ ಕೊಟ್ಟ ಗುಂಪಿಗೂ ನಿರೀಕ್ಷಿಸಿದಷ್ಟು ಅಂತರ ಕಾಣಲಿಲ್ಲ. ಸುಳ್ಳು ಹೇಳಿದ ಗುಂಪು ಸಿಟ್ಟಿನ ಭಾಗದಲ್ಲಿ ಇರಲೇ ಇಲ್ಲ. 1979ರಲ್ಲಿ ಮಾರ್ಷಲ್ ಮತ್ತು ಜಿಂಬಾರ್ಡೊ ಉಲ್ಲಾಸದ ಭಾಗವನ್ನು ಮತ್ತೆ ಮಾಡಿ ನೋಡಿದಾಗ ಅದೇ ಫಲಿತಾಂಶ ಸಿಗಲಿಲ್ಲ; ಕಾರಣ ತಿಳಿಯದ ಉದ್ರೇಕ ಜನರಿಗೆ ಹಿತವಲ್ಲದ್ದಾಗಿಯೇ ಕಂಡಿತು.

ಜೇಮ್ಸ್–ಲ್ಯಾಂಗ್‌ಗೂ ಶಾಕ್ಟರ್–ಸಿಂಗರ್‌ಗೂ ವ್ಯತ್ಯಾಸ ಕೇಳಿದರೆ ಒಂದು ಸಾಲು ಸಾಕು: ಮೊದಲನೆಯದರಲ್ಲಿ ಭಯದ ಎದೆ ಬಡಿತವೇ ಬೇರೆ, ಸಿಟ್ಟಿನದೇ ಬೇರೆ; ಎರಡನೆಯದರಲ್ಲಿ ಬಡಿತ ಒಂದೇ, ಅದಕ್ಕೆ ಭಯವೆಂದೋ ಸಿಟ್ಟೆಂದೋ ಹೆಸರು ಸಿಗುವುದು ಎದುರಿಗಿರುವ ನಾಯಿಯನ್ನು ನೋಡಿದ ಮೇಲೆ.